ಮೊಬೈಲಿಗೆ ಹಾಡಿನ ಗುರುತು ಎಷ್ಟರ ಮಟ್ಟಿಗೆ?

ಹಾಡು ಗುರುತಿಸುವ ಮೊಬೈಲ್ ಆ್ಯಪ್‌ಗಳನ್ನು ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ, ಉಳಿದವುಗಳಿಗೆ ಈ ಸಂಚಿಕೆಯಲ್ಲಿ ಉತ್ತರ ನೀಡಲಾಗಿದೆ.

ಪ್ರಶ್ನೆ: ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಹಳೆಯ ಚಿತ್ರಗೀತೆಯೊಂದರ ಚರಣ ಕೇಳಿಸಿತು. ಪಕ್ಕದಲ್ಲಿ ಕುಳಿತಿದ್ದ ಹುಡುಗ ಶಜಾಮ್ ಎಂಬ ಆ್ಯಪ್ ತೆರೆದು, ಎಂಜಿನ್ನಿನ ಸದ್ದು, ಕಂಡಕ್ಟರರ ಸೀಟಿ ಎಲ್ಲದರ ನಡುವೆಯೂ ಕೆಲವೇ ಕ್ಷಣಗಳಲ್ಲಿ ಹಾಡಿನ ಹೆಸರು ತೋರಿಸಿದ. ಮನೆಗೆ ಬಂದು ನಾನೂ ಅದೇ ಆ್ಯಪ್ ಹಾಕಿಸಿಕೊಂಡು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದೇ ಚರಣವನ್ನು ಹಾಡಿದರೆ ಏನೂ ಸಿಗಲಿಲ್ಲ. ನಾನು ಅಷ್ಟು ಕೆಟ್ಟದಾಗಿ ಹಾಡುತ್ತೇನೆಯೆ?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ನಿಮ್ಮ ಕಂಠದ ಮೇಲೆ ಅನುಮಾನ ಬೇಡ. ಆ ಹಾಡನ್ನು ಮೂಲದಲ್ಲಿ ಹಾಡಿದ ಗಾಯಕಿಯೇ ನಿಮ್ಮ ಕೋಣೆಗೆ ಬಂದು ಮತ್ತೊಮ್ಮೆ ಹಾಡಿದ್ದರೂ ಫಲಿತಾಂಶ ಬಹುಮಟ್ಟಿಗೆ ಇದೇ ಆಗಿರುತ್ತಿತ್ತು. ಶಜಾಮ್ ಗುರುತಿಸುವುದು ಹಾಡನ್ನಲ್ಲ, ಹಾಡಿನ ಒಂದು ನಿರ್ದಿಷ್ಟ ಧ್ವನಿಮುದ್ರಣವನ್ನು. ಈ ಆ್ಯಪ್‌ಗಳ ಉಪಯುಕ್ತತೆಯೂ ಮಿತಿಯೂ ಇದೊಂದರಿಂದಲೇ ಹುಟ್ಟುವುದರಿಂದ, ಸ್ವಲ್ಪ ವಿವರವಾಗಿಯೇ ನೋಡೋಣ.

ಆ್ಯಪ್ ಮೈಕಿನ ಮೂಲಕ ಕೆಲವು ಸೆಕೆಂಡುಗಳ ಸದ್ದನ್ನು ಪಡೆದು, ಯಾವ ಕ್ಷಣದಲ್ಲಿ ಯಾವ ಆವರ್ತನದ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕದ) ಧ್ವನಿ ಎಷ್ಟು ಬಲವಾಗಿದೆ ಎಂಬುದರ ನಕ್ಷೆಯೊಂದನ್ನು ರಚಿಸಿಕೊಳ್ಳುತ್ತದೆ. ಆ ನಕ್ಷೆಯಲ್ಲಿ ಸುತ್ತಲಿನವಕ್ಕಿಂತ ಎದ್ದು ಕಾಣುವ ಬಿಂದುಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಬಳಿಕ ಬಿಂದುಗಳನ್ನು ಎರಡೆರಡಾಗಿ ಜೋಡಿಸಿ, ಮೊದಲನೆಯದರ ಆವರ್ತನ, ಎರಡನೆಯದರ ಆವರ್ತನ, ಇವೆರಡರ ನಡುವಿನ ಕಾಲದ ಅಂತರ ಎಂಬ ಮೂರು ಅಂಶಗಳಿಂದ ಒಂದು ಸಂಖ್ಯೆಯನ್ನು ಮಾಡುತ್ತದೆ. ಕಂಪನಿಯ ಸರ್ವರಿನಲ್ಲಿ ಲಕ್ಷಾಂತರ ಧ್ವನಿಮುದ್ರಣಗಳಿಗೆ ಇದೇ ಕ್ರಮದಲ್ಲಿ ಮೊದಲೇ ಮಾಡಿಟ್ಟ ಸಂಖ್ಯೆಗಳಿರುತ್ತವೆ. ನಿಮ್ಮ ತುಣುಕಿನ ಸಂಖ್ಯೆಗಳು ಒಂದು ಮುದ್ರಣದ ಸಂಖ್ಯೆಗಳೊಂದಿಗೆ ಹೊಂದುವುದಷ್ಟೇ ಅಲ್ಲ, ಅದೇ ಕಾಲಕ್ರಮದಲ್ಲಿ ಸಾಲಾಗಿ ಹೊಂದಿದಾಗ ಮಾತ್ರ ಹೆಸರು ಹೊರಬೀಳುತ್ತದೆ. ಎಂಜಿನ್ನಿನ ಸದ್ದು ತನ್ನದೇ ಬಿಂದುಗಳನ್ನು ಸೇರಿಸಬಹುದು, ಹಾಡಿನ ಕೆಲವು ಬಿಂದುಗಳನ್ನು ಮುಚ್ಚಲೂಬಹುದು. ಆದರೆ ಉಳಿದ ಒಂದಿಷ್ಟು ಬಿಂದುಗಳು ಸಾಲಾಗಿ ಹೊಂದಿದರೂ ಸಾಕು. ಬಸ್ಸಿನ ಗದ್ದಲದಲ್ಲಿ ಕೆಲಸ ನಡೆದದ್ದು ಹೀಗೆ.

ನೀವು ಹಾಡಿದಾಗ ಶ್ರುತಿ ಬೇರೆ, ಲಯದ ಸೂಕ್ಷ್ಮ ಬೇರೆ, ವಾದ್ಯಗಳಂತೂ ಇಲ್ಲವೇ ಇಲ್ಲ. ಮೂಲ ಮುದ್ರಣದ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಇರುವ ಸೆಕೆಂಡಿನ ಅತಿಸಣ್ಣ ಭಾಗದ ಅಂತರವನ್ನು ಮನುಷ್ಯರ ಕಂಠ ಮತ್ತೆ ಹಾಗೆಯೇ ತರಲಾರದು. ಆದ್ದರಿಂದ ಈ ವಿಧಾನಕ್ಕೆ ನಿಮ್ಮ ಹಾಡು ಯಾವ ಪಟ್ಟಿಯಲ್ಲೂ ಇಲ್ಲದ ಹೊಸ ಧ್ವನಿ.

ಈ ವ್ಯವಸ್ಥೆ ಸ್ಮಾರ್ಟ್‌ಫೋನಿಗಿಂತ ಹಳೆಯದು ಎಂಬುದನ್ನು ಎಷ್ಟೋ ಮಂದಿ ಗಮನಿಸಿರುವುದಿಲ್ಲ. 1999ರಲ್ಲಿ ಆರಂಭವಾದ ಶಜಾಮ್ ಕಂಪನಿ 2002ರಲ್ಲಿ ಬ್ರಿಟನ್ನಿನಲ್ಲಿ ಸೇವೆ ತೆರೆದಾಗ ಅದು ಬರಿಯ ಒಂದು ದೂರವಾಣಿ ಸಂಖ್ಯೆಯಾಗಿತ್ತು. ಮೊಬೈಲಿನ ಕೀಲಿಗಳ ನಡುವಿನ ಸಾಲಿನಲ್ಲಿ ಮೇಲಿಂದ ಕೆಳಕ್ಕೆ ಇರುವ 2, 5, 8, 0 ಒತ್ತಿ ಫೋನನ್ನು ಸ್ಪೀಕರಿನತ್ತ ಹಿಡಿದರೆ, ಅರ್ಧ ನಿಮಿಷದಲ್ಲಿ ಕರೆ ತಾನಾಗಿ ಕಡಿದು, ಹಾಡಿನ ಹೆಸರು ಎಸ್‌ಎಂಎಸ್ ಆಗಿ ಬರುತ್ತಿತ್ತು. ಅಂದಿನ ಫೋನ್ ಕರೆಯ ಕಳಪೆ ಧ್ವನಿಯಲ್ಲೂ ಗುರುತು ಹಿಡಿಯುವಂತೆ ವಿಧಾನವನ್ನು ರೂಪಿಸಿದವರು ಸಂಸ್ಥಾಪಕರಲ್ಲಿ ಒಬ್ಬರಾದ ಏವರಿ ವಾಂಗ್. 2003ರಲ್ಲಿ ಅವರು ಅದನ್ನು ಪ್ರಬಂಧವಾಗಿಯೂ ಪ್ರಕಟಿಸಿದರು. ಆ್ಯಪ್ ರೂಪ ಬಂದದ್ದು 2008ರಲ್ಲಿ, ಕಂಪನಿ ಆ್ಯಪಲ್ ಪಾಲಾದದ್ದು 2018ರಲ್ಲಿ.

ಪ್ರಶ್ನೆ: ಗುನುಗಿದರೂ ಹಾಡು ಹುಡುಕಿಕೊಡುವ ಆ್ಯಪ್ ಇದೆ ಎನ್ನುತ್ತಾರೆ. ನನ್ನ ಅತ್ತೆಗೆ ಹಳೆಯ ಹಾಡುಗಳ ಧಾಟಿ ನೆನಪಿದೆ, ಮಾತು ಮರೆತಿದೆ. ಪ್ರಯೋಜನವಾದೀತೆ?
— ಗೃಹಿಣಿ, ಮೈಸೂರು

ಉತ್ತರ: ಆಗಬಹುದು. ಈ ಆ್ಯಪ್‌ಗಳ ಅತ್ಯಂತ ಮಾನವೀಯ ಉಪಯೋಗ ಇದೇ ಎಂದು ನನಗನ್ನಿಸುತ್ತದೆ. ಗೂಗಲ್ ಆ್ಯಪ್‌ನಲ್ಲಿ ಈ ಸೌಲಭ್ಯ 2020ರ ಅಕ್ಟೋಬರಿನಲ್ಲಿ ಬಂತು. ಮೈಕಿನ ಚಿಹ್ನೆ ಒತ್ತಿ, ಹಾಡು ಹುಡುಕುವ ಆಯ್ಕೆಯನ್ನು ಆರಿಸಿ ಹತ್ತು ಹದಿನೈದು ಸೆಕೆಂಡು ಗುನುಗಬೇಕು. ಅದಕ್ಕಿಂತ ಬಹಳ ಮೊದಲೇ ಸೌಂಡ್‌ಹೌಂಡ್ ಎಂಬ ಆ್ಯಪ್ ಇದನ್ನು ಮಾಡುತ್ತಿತ್ತು. ಇಲ್ಲಿ ಯಂತ್ರವು ವಾದ್ಯ, ಕಂಠದ ಗುಣ, ಶ್ರುತಿ ಇವುಗಳನ್ನೆಲ್ಲ ಕಳೆದು, ಸ್ವರ ಏರಿಳಿಯುವ ಜಾಡನ್ನು ಮಾತ್ರ ಹೋಲಿಸಿ ನೋಡುತ್ತದೆ. ಆದ್ದರಿಂದ ಉತ್ತರ ಒಂದೇ ಬರುವುದಿಲ್ಲ. ಇಷ್ಟು ಶೇಕಡ ಹೋಲಿಕೆ ಎಂದು ಕೆಲವು ಹಾಡುಗಳ ಪಟ್ಟಿ ಬರುತ್ತದೆ, ಕೇಳಿ ಆರಿಸಿಕೊಳ್ಳುವ ಕೆಲಸ ನಿಮ್ಮದು.

ಅತ್ತೆಯವರಿಗೆ ಚರಣಕ್ಕಿಂತ ಪಲ್ಲವಿಯನ್ನೇ ಗುನುಗಲು ಹೇಳಿ. ಮಾತು ನೆನಪಿಲ್ಲದಿದ್ದರೆ ‘ಲಲಲ’ ಎಂದರೂ ಸಾಕು. ನಡುನಡುವೆ ‘ಹೀಗಲ್ಲ, ತಡಿ’ ಎಂದು ನಿಲ್ಲಿಸಿದರೆ ಆ ಮಾತೂ ಧಾಟಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಮೊದಲು ಒಂದೆರಡು ಸಲ ಸುಮ್ಮನೆ ಹಾಡಿಸಿ, ಹಿಡಿತ ಸಿಕ್ಕ ಮೇಲೆ ಮೈಕ್ ಒತ್ತಿ. ಪ್ರಸಿದ್ಧ ಚಿತ್ರಗೀತೆಯಾದರೆ ಸಿಗುವ ಸಂಭವ ಹೆಚ್ಚು, ಅಪರೂಪದ್ದಾದರೆ ಕಡಿಮೆ.

ಹಸೆಗೆ ಕರೆಯುವ ಹಾಡು, ಆರತಿ ಹಾಡು ಮೊದಲಾದವು ಅತ್ತೆಯವರ ನೆನಪಿನಲ್ಲಿದ್ದರೆ ಅವನ್ನು ಆ್ಯಪ್‌ನಲ್ಲಿ ಹುಡುಕುವ ಬದಲು ಅದೇ ಫೋನಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಳ್ಳಿ. ಊರಿಗೊಂದು, ಮನೆಗೊಂದು ಧಾಟಿಯಲ್ಲಿ ಉಳಿದುಬಂದ ಆ ಹಾಡುಗಳಲ್ಲಿ ಹಲವು ಯಾವ ಕಂಪನಿಯ ಮುದ್ರಣದಲ್ಲೂ ಇಲ್ಲ.

ಪ್ರಶ್ನೆ: ವಚನ, ದೇವರನಾಮ ಮತ್ತು ಭಾವಗೀತೆಗಳಿಗೆ ಈ ಆ್ಯಪ್‌ಗಳು ಎಷ್ಟು ನಂಬಿಕೆಗೆ ಅರ್ಹ?
— ಗ್ರಂಥಪಾಲಕ, ತುಮಕೂರು

ಉತ್ತರ: ಕ್ಯಾಸೆಟ್ಟೋ ಸಿ.ಡಿ.ಯೋ ನುಡಿಯುತ್ತಿದ್ದು, ಅದೇ ಮುದ್ರಣ ಡಿಜಿಟಲ್ ಮಾರುಕಟ್ಟೆಯಲ್ಲಿದ್ದರೆ ಚಿತ್ರಗೀತೆಯಷ್ಟೇ ನಂಬಬಹುದು. ಗುನುಗಿ ಹುಡುಕುವಾಗ ಮಾತ್ರ ತೊಡಕಿದೆ. ಒಂದೇ ದೇವರನಾಮವನ್ನು ಭೀಮಸೇನ ಜೋಶಿಯವರು ಹಿಂದೂಸ್ತಾನಿ ಧಾಟಿಯಲ್ಲಿ ಹಾಡಿರುತ್ತಾರೆ, ಕರ್ನಾಟಕ ಸಂಗೀತದ ವಿದ್ವಾಂಸರು ಬೇರೊಂದು ರಾಗದಲ್ಲಿ ಹಾಡಿರುತ್ತಾರೆ. ಒಂದೇ ಕವಿತೆಗೆ ಇಬ್ಬರು ಸಂಯೋಜಕರು ಬೇರೆ ಬೇರೆ ರಾಗ ಹಾಕುವುದು ಸುಗಮ ಸಂಗೀತದಲ್ಲೂ ಹೊಸತಲ್ಲ. ಧಾಟಿಯ ಜಾಡು ಹಿಡಿಯುವ ಯಂತ್ರಕ್ಕೆ ಇವು ಎರಡು ಬೇರೆ ಹಾಡುಗಳು. ಸಾಹಿತ್ಯ ಒಂದೇ ಎಂಬುದು ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಇಂಥ ಕಡೆ ಕಿವಿಗಿಂತ ಅಕ್ಷರ ನೆರವಾಗುತ್ತದೆ. ಕೇಳಿಸಿದ ಸಾಲಿನ ಎರಡು ಮೂರು ಅಪರೂಪದ ಪದಗಳನ್ನು ಕನ್ನಡ ಲಿಪಿಯಲ್ಲೇ ಟೈಪ್ ಮಾಡಿ, ಜೊತೆಗೆ ‘ಕೂಡಲಸಂಗಮದೇವ’ ಅಥವಾ ‘ಪುರಂದರವಿಠಲ’ ಎಂದು ಅಂಕಿತ ಸೇರಿಸಿ ಹುಡುಕಿದರೆ ಆ್ಯಪ್‌ಗಿಂತ ಬೇಗ ಸಿಗುವುದುಂಟು. ವಚನಗಳಿಗಾದರೆ ‘ವಚನ ಸಂಚಯ’ ಜಾಲತಾಣದಲ್ಲಿ ಪದದಿಂದ ಪದಕ್ಕೆ ಹುಡುಕುವ ಅನುಕೂಲವಿದೆ. ಗ್ರಂಥಾಲಯಕ್ಕೆ ಬಂದು ‘ಈ ವಚನ ಯಾರದು?’ ಎಂದು ಕೇಳುವವರಿಗೆ ನೀವು ತೋರಿಸಬೇಕಾದ ದಾರಿ ಅದು.

ಪ್ರಶ್ನೆ: ನಾನು ಹಿಂದೂಸ್ತಾನಿ ಸಂಗೀತದ ವಿದ್ಯಾರ್ಥಿ. ಕಛೇರಿಯಲ್ಲಿ ಕುಳಿತಾಗ ಗಾಯಕರು ಯಾವ ರಾಗ ಎತ್ತಿಕೊಂಡರು ಎಂದು ಫೋನ್ ಹೇಳುವಂತಿದ್ದರೆ ಕಲಿಕೆಗೆ ಅನುಕೂಲ. ಈಗಿನ ಆ್ಯಪ್‌ಗಳಿಂದ ಇದು ಸಾಧ್ಯವೆ?
— ಧಾರವಾಡ

ಉತ್ತರ: ಶಜಾಮ್‌ನಂಥವುಗಳಿಂದ ಖಂಡಿತ ಸಾಧ್ಯವಿಲ್ಲ. ಕಛೇರಿಯಲ್ಲಿ ಕೇಳಿಬರುವುದು ಅದಕ್ಕೆ ಮೊದಲು ಎಲ್ಲೂ ಮುದ್ರಣಗೊಳ್ಳದ, ಆ ಹೊತ್ತಿಗೆ ಹುಟ್ಟುತ್ತಿರುವ ಸಂಗೀತ. ಅದೇ ಗಾಯಕರು ಅದೇ ಬಂದಿಶನ್ನು (ಹಾಡಿನ ರಚನೆಯನ್ನು) ಹಿಂದೆ ಧ್ವನಿಮುದ್ರಿಸಿದ್ದರೂ ಇಂದಿನ ವಿಸ್ತಾರ ಬೇರೆಯದೇ. ಎಂದಾದರೊಮ್ಮೆ ಇಂಥ ಆ್ಯಪ್ ಕಛೇರಿಯ ನಡುವೆ ಒಂದು ಹೆಸರನ್ನು ತೋರಿಸಿಬಿಟ್ಟರೆ, ಅದನ್ನು ಆಕಸ್ಮಿಕವೆಂದೇ ತಿಳಿಯಿರಿ. ವಿದ್ಯುತ್ ತಂಬೂರಿಯ ನಾದಕ್ಕೇ ಅದು ಬೇರಾವುದೋ ಮುದ್ರಣದ ಹೆಸರು ಹಚ್ಚುವ ಸಂಭವವಿದೆ.

ರಾಗವನ್ನು ಗುರುತಿಸುವುದು ಬೇರೆಯದೇ ಸಮಸ್ಯೆ, ಮತ್ತು ಬಹಳ ಸ್ವಾರಸ್ಯಕರ ಸಮಸ್ಯೆ. ಮೊದಲು ಯಂತ್ರವು ಆಧಾರ ಸ್ವರವಾದ ಷಡ್ಜ ಎಲ್ಲಿದೆ ಎಂದು ಕಂಡುಕೊಳ್ಳಬೇಕು, ಏಕೆಂದರೆ ನಮ್ಮಲ್ಲಿ ಗಾಯಕರಿಂದ ಗಾಯಕರಿಗೆ ಅದು ಬದಲಾಗುತ್ತದೆ. ಹಿನ್ನೆಲೆಯಲ್ಲಿ ತಂಬೂರಿ ನಿರಂತರವಾಗಿ ನುಡಿಯುತ್ತಿರುವುದರಿಂದ ಈ ಹಂತವನ್ನು ಹೇಗೋ ದಾಟಬಹುದು. ನಿಜವಾದ ಕಷ್ಟ ಅನಂತರದ್ದು. ಭೂಪ ಮತ್ತು ದೇಶಕಾರ ಎಂಬ ಎರಡು ರಾಗಗಳಲ್ಲೂ ಸ, ರಿ, ಗ, ಪ, ಧ ಎಂಬ ಅವೇ ಐದು ಶುದ್ಧ ಸ್ವರಗಳು. ಯಾವ ಸ್ವರ ಬಂತು ಎಂಬ ಪಟ್ಟಿ ಮಾತ್ರ ನೋಡಿದರೆ ಎರಡೂ ಒಂದೇ. ಭೂಪದಲ್ಲಿ ಗಾಂಧಾರ ವಾದಿ, ಎಂದರೆ ಮುಖ್ಯ ಸ್ವರ; ನಡೆ ಸಪ್ತಕದ ಕೆಳಗಿನ ಅರ್ಧವಾದ ಪೂರ್ವಾಂಗದಲ್ಲಿ. ದೇಶಕಾರದಲ್ಲಿ ಧೈವತ ವಾದಿ, ನಡೆ ಮೇಲಿನ ಅರ್ಧವಾದ ಉತ್ತರಾಂಗದಲ್ಲಿ. ಮಾರವಾ, ಪೂರಿಯಾ, ಸೋಹನಿ ಈ ಮೂರರ ಕಥೆಯೂ ಹೀಗೆಯೇ. ಕರ್ನಾಟಕ ಪದ್ಧತಿಯಲ್ಲಿ ಆರಭಿ ಮತ್ತು ದೇವಗಾಂಧಾರಿಗಳ ಆರೋಹಣ ಅವರೋಹಣ ಒಂದೇ ಆದರೂ, ಗಮಕ ಮತ್ತು ಕಾಲಪ್ರಮಾಣದ ಅರಿವಿದ್ದ ಕೇಳುಗರು ಮೊದಲ ಸಂಚಾರದಲ್ಲೇ ಎರಡನ್ನೂ ಬೇರ್ಪಡಿಸುತ್ತಾರೆ. ಯಂತ್ರ ಕಲಿಯಬೇಕಾದದ್ದು ಸ್ವರಗಳನ್ನಲ್ಲ. ಯಾವ ಸ್ವರದ ಮೇಲೆ ಎಷ್ಟು ನಿಂತರು, ಅದಕ್ಕೆ ಹೇಗೆ ಬಂದರು, ಅಲ್ಲಿಂದ ಎತ್ತ ಹೋದರು ಎಂಬುದನ್ನು.

ಈ ದಿಸೆಯಲ್ಲಿ ಗಂಭೀರವಾದ ಸಂಶೋಧನೆ ನಡೆದಿದೆ. ಸ್ಪೇನಿನ ಬಾರ್ಸಿಲೋನಾದ ಪೊಂಪೆಉ ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಝೇವಿಯರ್ ಸೆರಾ ಅವರ ಮುಂದಾಳುತನದಲ್ಲಿ 2011ರಲ್ಲಿ ಆರಂಭವಾದ ‘ಕಾಂಪ್‌ಮ್ಯೂಸಿಕ್’ ಯೋಜನೆ, ಪಾಶ್ಚಾತ್ಯ ಸಂಗೀತಕ್ಕೆಂದು ಮಾಡಿದ ತಂತ್ರಗಳು ಉಳಿದ ಪರಂಪರೆಗಳಿಗೆ ಸಾಲವು ಎಂಬ ನೆಲೆಯಿಂದಲೇ ಹೊರಟಿತು. ಹಿಂದೂಸ್ತಾನಿ ಮತ್ತು ಕರ್ನಾಟಕ ಸಂಗೀತಗಳೆರಡೂ ಅದರ ಅಧ್ಯಯನದಲ್ಲಿದ್ದವು. ಮದ್ರಾಸ್ ಐಐಟಿಯ ಸಂಶೋಧಕರೂ ಅದರಲ್ಲಿ ಕೈಜೋಡಿಸಿದ್ದರು. ಮೊದಲೇ ಆರಿಸಿಟ್ಟ ಕೆಲವು ರಾಗಗಳ ಒಳಗೆ ಸ್ಟುಡಿಯೊ ಮುದ್ರಣವನ್ನು ಗುರುತಿಸುವುದರಲ್ಲಿ ಇಂಥ ವ್ಯವಸ್ಥೆಗಳು ಚೆನ್ನಾಗಿಯೇ ಮುಂದುವರಿದಿವೆ. ಆದರೆ ಸಭಾಂಗಣದ ಹಿಂದಿನ ಸಾಲಿನಲ್ಲಿ, ಪಕ್ಕದವರ ತಾಳದ ಪೆಟ್ಟಿನ ನಡುವೆ, ಎರಡು ರಾಗಗಳನ್ನು ಬೆಸೆದ ಜೋಡುರಾಗವೊಂದನ್ನು ಫೋನ್ ಹೇಳಿಬಿಡುತ್ತದೆ ಎಂದು ನಿರೀಕ್ಷಿಸಬೇಡಿ. ರಾಗ ಹೇಳುತ್ತೇವೆ ಎನ್ನುವ ಆ್ಯಪ್‌ಗಳು ಕಂಡುಬಂದರೆ, ಮೊದಲು ಭೂಪ ಮತ್ತು ದೇಶಕಾರದ ಒಂದೊಂದು ಆಲಾಪವನ್ನು ಕೇಳಿಸಿ ನೋಡಿ. ಅದರ ಯೋಗ್ಯತೆ ತಿಳಿಯಲು ಬೇರೆ ಪರೀಕ್ಷೆ ಬೇಕಿಲ್ಲ.

ಕಲಿಕೆಗೆ ಅನುಕೂಲವಾಗುವುದು ಇನ್ನೊಂದು ರೀತಿಯಲ್ಲಿ. ರೇಡಿಯೊದಲ್ಲಿ ಉದ್ಘೋಷಣೆ ತಪ್ಪಿಹೋದ ನಂತರ ಕೇಳತೊಡಗಿದ ಹಳೆಯ ಧ್ವನಿಮುದ್ರಿಕೆಯಾದರೆ, ಆ್ಯಪ್ ಕಲಾವಿದರ ಹೆಸರನ್ನೂ, ಮುದ್ರಿಕೆಯ ಶೀರ್ಷಿಕೆಯಲ್ಲೇ ಇರುವ ರಾಗದ ಹೆಸರನ್ನೂ ಒಟ್ಟಿಗೆ ಕೊಡುತ್ತದೆ. ಮೊದಲು ನೀವೇ ರಾಗವನ್ನು ಊಹಿಸಿ ಬರೆದಿಟ್ಟು, ಆಮೇಲೆ ಗುಂಡಿ ಒತ್ತುವುದು ಒಳ್ಳೆಯದು.

ಪ್ರಶ್ನೆ: ಯಕ್ಷಗಾನದ ಪದ್ಯಗಳಿಗೆ?
— ಕುಂದಾಪುರ

ಉತ್ತರ: ರಂಗಸ್ಥಳದಲ್ಲಿ ಭಾಗವತರು ಹಾಡುತ್ತಿರುವಾಗ ಆ್ಯಪ್ ತೆರೆದು ಪ್ರಯೋಜನವಿಲ್ಲ, ಕಾರಣ ಮೇಲಿನ ಉತ್ತರದಲ್ಲಿದೆ. ಪಕ್ಕದಲ್ಲಿರುವ ಹಿರಿಯ ಪ್ರೇಕ್ಷಕರನ್ನು ಕೇಳಿದರೆ ಪ್ರಸಂಗ, ರಾಗ, ತಾಳ ಮೂರೂ ಸಿಗುತ್ತವೆ, ಜೊತೆಗೆ ಹಿಂದಿನ ಭಾಗವತರು ಇದನ್ನು ಹೇಗೆ ಹೇಳುತ್ತಿದ್ದರು ಎಂಬುದೂ.

ಪ್ರಶ್ನೆ: ಮಾಲ್ ಒಂದರಲ್ಲಿ ಕನ್ನಡ ಚಿತ್ರದ ಹಾಡು ನುಡಿಯುತ್ತಿದ್ದಾಗ ಆ್ಯಪ್ ಅದರ ತೆಲುಗು ಆವೃತ್ತಿಯ ಹೆಸರು ತೋರಿಸಿತು. ಕನ್ನಡವನ್ನು ಕಡೆಗಣಿಸಿದಂತೆ ಬೇಸರವಾಯಿತು. ಇದು ಹೇಗಾಗುತ್ತದೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬೇಸರ ಸಹಜವೇ, ಆದರೆ ಇಲ್ಲಿ ದುರುದ್ದೇಶವಿಲ್ಲ. 2018ರ ‘ಕೆಜಿಎಫ್’ ಕನ್ನಡ, ತೆಲುಗು, ತಮಿಳು, ಮಲಯಾಳ, ಹಿಂದಿ ಐದರಲ್ಲೂ ತೆರೆಕಂಡ ಮೇಲೆ ದೊಡ್ಡ ಚಿತ್ರಗಳ ಹಾಡುಗಳನ್ನು ಹೀಗೆ ಹಲವು ಭಾಷೆಗಳಲ್ಲಿ ಒಟ್ಟಿಗೆ ಹೊರತರುವುದು ರೂಢಿಯಾಗಿದೆ. ವಾದ್ಯಗಳ ಮುದ್ರಣ ಎಲ್ಲದರಲ್ಲೂ ಒಂದೇ. ಬದಲಾಗುವುದು ಕಂಠ ಮತ್ತು ಮಾತು. ನೀವು ಕೇಳಿಸಿದ ತುಣುಕು ಆರಂಭದ ವಾದ್ಯಸಂಗೀತವೋ ನಡುವಿನ ಬಿಡುವೋ ಆಗಿದ್ದರೆ ಐದೂ ಆವೃತ್ತಿಗಳು ಸಮಾನವಾಗಿ ಹೊಂದುತ್ತವೆ, ಯಂತ್ರ ಒಂದನ್ನು ಮುಂದಿಡುತ್ತದೆ. ಹಾಡುಗಾರಿಕೆ ಮೊದಲಾದ ಮೇಲೆ, ವಾದ್ಯಗಳ ಅಬ್ಬರ ಇಳಿದು ಕಂಠ ಸ್ಪಷ್ಟವಾಗಿ ಕೇಳುವ ಜಾಗದಲ್ಲಿ ಮತ್ತೊಮ್ಮೆ ಕೇಳಿಸಿದರೆ ಸರಿಯಾದ ಭಾಷೆಯ ಹೆಸರು ಬರುವ ಸಾಧ್ಯತೆ ಹೆಚ್ಚು.

ರೀಲ್ಸ್‌ಗಳಲ್ಲಿ ಬರುವ ಹಾಡುಗಳು ಸಿಗುವುದಿಲ್ಲವೆಂದು ಇನ್ನೂ ಕೆಲವರು ಬರೆದಿದ್ದಾರೆ. ವೇಗ ತಗ್ಗಿಸಿ ಗುಂಯ್‌ಗುಡುವಂತೆ ಮಾಡಿದ ಆವೃತ್ತಿಗಳಲ್ಲಿ ಆವರ್ತನವೂ ಕಾಲದ ಅಂತರವೂ ಎರಡೂ ಬದಲಾಗಿರುತ್ತವೆ. ಆ ತಿರುಚಿದ ಆವೃತ್ತಿಯನ್ನೇ ಯಾರಾದರೂ ಪ್ರತ್ಯೇಕವಾಗಿ ಬಿಡುಗಡೆ ಮಾಡಿದ್ದರೆ ಮಾತ್ರ ಹೆಸರು ಸಿಗುತ್ತದೆ.

ಪ್ರಶ್ನೆ: ಸಮುದಾಯ ಬಾನುಲಿಯಲ್ಲಿ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮ ನಡೆಸಿಕೊಡುತ್ತೇನೆ. ಆ್ಯಪ್ ಕೊಡುವ ಹೆಸರು, ಇಸವಿಗಳನ್ನು ಹಾಗೆಯೇ ಓದಿ ಹೇಳಿದರೆ ಕೇಳುಗರು ತಪ್ಪು ಎಂದು ಫೋನ್ ಮಾಡುತ್ತಾರೆ. ಆ್ಯಪ್ ತಪ್ಪೋ, ಕೇಳುಗರು ತಪ್ಪೋ?
— ಬಳ್ಳಾರಿ ಜಿಲ್ಲೆ

ಉತ್ತರ: ಬಹುತೇಕ ಕೇಳುಗರೇ ಸರಿ. ಮುದ್ರಣವನ್ನು ಗುರುತಿಸುವುದರಲ್ಲಿ ಆ್ಯಪ್ ತಪ್ಪುವುದು ಅಪರೂಪ. ಆದರೆ ಆ ಮುದ್ರಣಕ್ಕೆ ಅಂಟಿಸಿದ ಚೀಟಿಯನ್ನು ಅದು ಓದಿ ಹೇಳುತ್ತದೆಯೇ ಹೊರತು ಪರಿಶೀಲಿಸುವುದಿಲ್ಲ. ಚೀಟಿ ಬರೆದವರು ಹಾಡನ್ನು ಡಿಜಿಟಲ್ ಮಾರುಕಟ್ಟೆಗೆ ಕಳಿಸಿದ ಕಂಪನಿಯವರು ಅಥವಾ ಅವರ ವಿತರಕರು. ಹಳೆಯ ಚಿತ್ರಗೀತೆಗಳು ಎಷ್ಟೋ ಸಲ ಮೂಲ ಚಿತ್ರದ ಹೆಸರಿನಲ್ಲಿ ಇರುವುದೇ ಇಲ್ಲ; ‘ಮಧುರ ಗೀತೆಗಳು’ ಎಂಬಂಥ ಯಾವುದೋ ಸಂಗ್ರಹದಲ್ಲಿ ಸೇರಿಹೋಗಿರುತ್ತವೆ. ಇಸವಿಯ ಜಾಗದಲ್ಲಿ ಆ ಸಂಗ್ರಹ ಹೊರಬಂದ ವರ್ಷವಿದ್ದರೆ, ಕಪ್ಪು ಬಿಳುಪು ಕಾಲದ ಹಾಡು ಈ ಶತಮಾನದ್ದಾಗಿ ಕಾಣುತ್ತದೆ.

ಹೆಸರುಗಳದು ಇನ್ನೂ ದೊಡ್ಡ ಗೋಜಲು. ಸಂಗ್ರಹಕ್ಕೆ ಡಾ. ರಾಜ್‌ಕುಮಾರ್ ಅವರ ಹೆಸರಿದ್ದರೆ ಕಲಾವಿದರ ಜಾಗದಲ್ಲೂ ಅವರ ಹೆಸರೇ ಬಂದು ಕೂರಬಹುದು. ಆದರೆ 1974ರ ‘ಸಂಪತ್ತಿಗೆ ಸವಾಲ್’ ತನಕ ಅವರ ಚಿತ್ರಗಳಲ್ಲಿ ಬಹುಪಾಲು ಹಾಡಿದವರು ಪಿ.ಬಿ. ಶ್ರೀನಿವಾಸ್, ಆ ಚಿತ್ರದಿಂದೀಚೆಗೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡತೊಡಗಿದರು. ಇಷ್ಟೊಂದು ನೆನಪಿಟ್ಟುಕೊಂಡರೆ ಕೇಳುಗರ ಅರ್ಧ ಫೋನ್ ಕರೆಗಳು ನಿಲ್ಲುತ್ತವೆ. ಸಾಹಿತ್ಯ ಬರೆದವರ ಹೆಸರಂತೂ ಫಲಿತಾಂಶದ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಇಂಥವರ ಹೆಸರು ಹೇಳದೆ ಕನ್ನಡ ಚಿತ್ರಗೀತೆಯ ಪರಿಚಯ ಪೂರ್ಣವಾಗದು ಎಂದು ನಂಬಿದ ಕೇಳುಗರ ಪರಂಪರೆ ನಮ್ಮದು. ಆಕಾಶವಾಣಿಯ ಉದ್ಘೋಷಕರು ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ಕ್ರಮವಾಗಿ ಹೇಳಿ ಬೆಳೆಸಿದ ಅಭ್ಯಾಸ ಅದು. ಅದನ್ನು ಆ್ಯಪ್‌ನ ಎರಡು ಸಾಲಿಗೆ ಇಳಿಸಬೇಡಿ.

ಧ್ವನಿಮುದ್ರಣದ ಮೇಲಿನ ಹೆಸರಿನ ಚಿಂತೆ ಹೊಸದೇನೂ ಅಲ್ಲ. ಭಾರತದಲ್ಲಿ ಗ್ರಾಮೊಫೋನ್ ಮುದ್ರಣ ಆರಂಭವಾದ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಘೋಷಿಸುತ್ತಿದ್ದರು. ಮುದ್ರಣದ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಚ್ಚಾಗಬೇಕಿದ್ದುದರಿಂದ, ಅಲ್ಲಿನವರು ಯಾವ ತಟ್ಟೆ ಯಾರದೆಂದು ತಿಳಿದು ಸರಿಯಾದ ಚೀಟಿ ಹಚ್ಚಲಿ ಎಂಬುದು ಅದರ ಉದ್ದೇಶ. ಬದುಕಿನ ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದ ಅವರು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇಂದಿನ ಆ್ಯಪ್‌ಗೂ ಬೇಕಾದದ್ದು ಅಂಥದೇ ಸರಿಯಾದ ಚೀಟಿ.

ನಿಮಗೆ ನನ್ನ ಸಲಹೆ: ಆ್ಯಪ್ ಕೊಟ್ಟ ಹೆಸರನ್ನು ಮೊದಲ ಸುಳಿವಾಗಿ ಮಾತ್ರ ಬಳಸಿ. ಅದರಿಂದ ಚಿತ್ರ ಯಾವುದೆಂದು ತಿಳಿದ ಮೇಲೆ ಚಿತ್ರದ ಆರಂಭದ ಹೆಸರುಪಟ್ಟಿ, ಹಳೆಯ ರೆಕಾರ್ಡಿನ ಚೀಟಿ ಅಥವಾ ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಇವುಗಳಲ್ಲಿ ಒಂದನ್ನಾದರೂ ನೋಡಿ ಖಚಿತಪಡಿಸಿಕೊಳ್ಳಿ. ಫೋನ್ ಮಾಡುವ ಕೇಳುಗರಲ್ಲೇ ಅಂಥ ಪುಸ್ತಕಗಳನ್ನು ಜೋಪಾನ ಮಾಡಿದವರು ಇರಬಹುದು.

ಪ್ರಶ್ನೆ: ಈ ಆ್ಯಪ್ ಸದಾ ನಮ್ಮ ಮಾತನ್ನು ಕದ್ದು ಕೇಳುತ್ತದೆಯೆ?
— ಹಾಸನ

ಉತ್ತರ: ಗುಂಡಿ ಒತ್ತಿದಾಗ ಮಾತ್ರ ಕೇಳುವುದು ಸಾಮಾನ್ಯ ಕ್ರಮ. ಶಜಾಮ್ ಕಳಿಸುವುದು ಸದ್ದಿನ ಮುದ್ರಣವನ್ನಲ್ಲ, ಮೊದಲ ಉತ್ತರದಲ್ಲಿ ವಿವರಿಸಿದ ಸಂಖ್ಯೆಗಳನ್ನು. ಅವುಗಳಿಂದ ನಿಮ್ಮ ಮಾತನ್ನು ಮರಳಿ ಕೇಳುವಂತೆ ಮಾಡಲಾಗದು. ಆದರೆ ಅದರಲ್ಲಿ ತಾನಾಗಿ ಕೇಳುತ್ತಲೇ ಇರುವ ‘ಆಟೋ’ ಆಯ್ಕೆಯೂ ಇದೆ. ಅದು ನಿಮಗೆ ಬೇಕಿಲ್ಲ, ಬ್ಯಾಟರಿಗೂ ಒಳ್ಳೆಯದಲ್ಲ, ಬಂದ್ ಮಾಡಿಡಿ. ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ 2017ರಿಂದ ಇರುವ ‘ನೌ ಪ್ಲೇಯಿಂಗ್’ ಸೌಲಭ್ಯ ಸುತ್ತಲಿನ ಹಾಡನ್ನು ತಾನಾಗಿ ಗುರುತಿಸಿದರೂ, ಫೋನಿನಲ್ಲೇ ಇಳಿಸಿಕೊಂಡ ಪಟ್ಟಿಯೊಂದಿಗೆ ಹೋಲಿಸಿ ನೋಡುತ್ತದೆ. ಆ್ಯಂಡ್ರಾಯ್ಡ್ 12ರಿಂದೀಚೆಗೆ ಮೈಕ್ ಬಳಕೆಯಲ್ಲಿದ್ದರೆ ಪರದೆಯ ಮೇಲ್ಭಾಗದಲ್ಲಿ ಹಸಿರು ಗುರುತು, ಐಫೋನಿನಲ್ಲಿ ಕಿತ್ತಳೆ ಚುಕ್ಕೆ ಕಾಣಿಸುತ್ತದೆ. ಅದನ್ನು ಗಮನಿಸುವುದು ಎಲ್ಲ ಆ್ಯಪ್‌ಗಳ ವಿಷಯದಲ್ಲೂ ಒಳ್ಳೆಯ ಅಭ್ಯಾಸ. ಹಾಡು ಹುಡುಕಲು ನಿಮ್ಮ ಸಂಪರ್ಕ ಪಟ್ಟಿಗೆ ಅನುಮತಿ ಕೇಳುವ ಹೆಸರಿಲ್ಲದ ಆ್ಯಪ್‌ಗಳನ್ನು ಹತ್ತಿರ ಸೇರಿಸಬೇಡಿ.

ಪ್ರಶ್ನೆ: ಗೃಹಪ್ರವೇಶದ ವಿಡಿಯೊಗೆ ಹಾಡೊಂದನ್ನು ಆ್ಯಪ್‌ನಲ್ಲಿ ಹುಡುಕಿ ಸೇರಿಸಿದೆ. ಯೂಟ್ಯೂಬ್ ಅದನ್ನು ಹಿಡಿದುಬಿಟ್ಟಿತು. ಅದಕ್ಕೆ ಹೇಗೆ ತಿಳಿಯಿತು?
— ಹುಬ್ಬಳ್ಳಿ

ಉತ್ತರ: ನಿಮಗೆ ತಿಳಿದಂತೆಯೇ ಅದಕ್ಕೂ ತಿಳಿಯಿತು. 2007ರಲ್ಲಿ ಯೂಟ್ಯೂಬ್ ತಂದ ‘ಕಂಟೆಂಟ್ ಐಡಿ’ ಕೂಡ ಧ್ವನಿಯ ಗುರುತುಗಳನ್ನು ಹೋಲಿಸಿ ನೋಡುವ ವ್ಯವಸ್ಥೆಯೇ. ಹಾಡಿನ ಹೆಸರು ತಿಳಿದುಕೊಳ್ಳುವುದಕ್ಕೂ ಅದನ್ನು ಬಳಸುವ ಹಕ್ಕಿಗೂ ಸಂಬಂಧವಿಲ್ಲ. ಭಾರತದ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಬಳಿಕ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ರಚಿಸಿದವರ ಜೀವಿತಕಾಲ ಮತ್ತು ಅನಂತರದ 60 ವರ್ಷ.

ಪ್ರಶ್ನೆ: ತಂದೆಯವರು ಬಿಟ್ಟುಹೋದ ಕ್ಯಾಸೆಟ್‌ಗಳನ್ನು ಇಲ್ಲಿಗೆ ತಂದು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದೇನೆ. ಅಂಗಡಿಯಲ್ಲಿ ಹಾಡು ಆರಿಸಿ ತುಂಬಿಸಿಕೊಂಡ ಕ್ಯಾಸೆಟ್‌ಗಳವು. ಮೇಲಿನ ಬರಹ ಮಾಸಿದೆ. ಆ್ಯಪ್ ಕೆಲವನ್ನು ಹೇಳುತ್ತದೆ, ಕೆಲವು ಕ್ಯಾಸೆಟ್‌ಗಳಲ್ಲಿ ಒಂದನ್ನೂ ಹೇಳುವುದಿಲ್ಲ.
— ಮಸ್ಕತ್

ಉತ್ತರ: ಒಂದು ಕ್ಯಾಸೆಟ್ಟಿನ ಯಾವ ಹಾಡೂ ಸಿಗದಿದ್ದರೆ ಅನುಮಾನಿಸಬೇಕಾದದ್ದು ವೇಗವನ್ನು. ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು. ಅಂದು ತುಂಬಿಸಿದ ಯಂತ್ರವೋ ಇಂದು ನುಡಿಸುವ ಯಂತ್ರವೋ ಸ್ವಲ್ಪ ಹೆಚ್ಚು ಕಡಿಮೆ ಓಡಿದರೆ ಶ್ರುತಿ ಸರಿಯುತ್ತದೆ. ಸುಮಾರು 6 ಶೇಕಡ ವ್ಯತ್ಯಾಸವಾದರೆ ಅರ್ಧ ಸ್ವರದಷ್ಟು. ನಮ್ಮ ಕಿವಿ ಅದನ್ನು ಕ್ಷಮಿಸುತ್ತದೆ, ಆ್ಯಪ್ ಕ್ಷಮಿಸುವುದಿಲ್ಲ.

ಹೀಗೆ ಮಾಡಿ. ಆ ಕ್ಯಾಸೆಟ್ಟಿನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಆರಿಸಿ, ಅದೇ ಮುದ್ರಣವನ್ನು ಅಂತರ್ಜಾಲದಲ್ಲಿ ಹುಡುಕಿ. ಎರಡರಲ್ಲೂ ಮೊದಲ ಸ್ವರದಿಂದ ಕೊನೆಯ ಸ್ವರದವರೆಗಿನ ಕಾಲವನ್ನು ಅಳೆಯಿರಿ. ಮೂಲ 4 ನಿಮಿಷವಿದ್ದು ನಿಮ್ಮದು 3 ನಿಮಿಷ 48 ಸೆಕೆಂಡಿಗೆ ಮುಗಿದರೆ, 240ನ್ನು 228ರಿಂದ ಭಾಗಿಸಿ. ಟೇಪ್ ಸುಮಾರು 5 ಶೇಕಡ ಬೇಗ ಓಡುತ್ತಿದೆ ಎಂದರ್ಥ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ವೇಗ ಬದಲಿಸುವ ಆಯ್ಕೆಯಿದೆ. ಶ್ರುತಿಯನ್ನು ಹಾಗೆಯೇ ಉಳಿಸಿ ಗತಿ ಮಾತ್ರ ಬದಲಿಸುವ ಬೇರೊಂದು ಆಯ್ಕೆಯೂ ಅದರಲ್ಲಿದೆ, ಅದು ಬೇಡ; ಎರಡನ್ನೂ ಒಟ್ಟಿಗೆ ಬದಲಿಸುವುದನ್ನೇ ಬಳಸಿ ಇಡೀ ಬದಿಯನ್ನು ತಿದ್ದಿ, ಆ್ಯಪ್‌ಗೆ ಮತ್ತೆ ಕೇಳಿಸಿ. ಹಾಗೂ ಸಿಗದ ಹಾಡುಗಳನ್ನು ಅಳಿಸಬೇಡಿ: ಡಿಜಿಟಲ್ ಮಾರುಕಟ್ಟೆಗೆ ಬಾರದೇ ಉಳಿದ ಮುದ್ರಣ ನಿಮ್ಮ ತಂದೆಯವರ ಕ್ಯಾಸೆಟ್ಟಿನಲ್ಲಿದ್ದೀತು.

ಪ್ರಶ್ನೆ: ನಮ್ಮ ಊರಿನಲ್ಲಿ ನೆಟ್‌ವರ್ಕ್ ಸಿಗುವುದೇ ಗುಡ್ಡದ ಮೇಲೆ. ಜಾತ್ರೆಯಲ್ಲಿ ಕೇಳಿದ ಹಾಡನ್ನು ಹುಡುಕುವುದು ಹೇಗೆ?
— ಕಾಲೇಜು ವಿದ್ಯಾರ್ಥಿ, ಶಿರಸಿ ತಾಲ್ಲೂಕು

ಉತ್ತರ: ಜಾತ್ರೆಯಲ್ಲೇ ಶಜಾಮ್ ಗುಂಡಿ ಒತ್ತಿ. ಸಂಪರ್ಕವಿಲ್ಲದಿದ್ದರೆ ಅದು ತುಣುಕಿನ ಗುರುತನ್ನು ಉಳಿಸಿಟ್ಟುಕೊಂಡು, ನೆಟ್‌ವರ್ಕ್ ಸಿಕ್ಕಾಗ ಹುಡುಕಿ ತಿಳಿಸುತ್ತದೆ. ಬೇರೆ ಆ್ಯಪ್ ಬಳಸುವವರು ಫೋನಿನ ಧ್ವನಿಮುದ್ರಕದಲ್ಲಿ ಅರ್ಧ ನಿಮಿಷ ಹಿಡಿದಿಟ್ಟು, ಮನೆಯಲ್ಲಿ ಅದನ್ನು ಇನ್ನೊಂದು ಫೋನಿನ ಮುಂದೆ ನುಡಿಸಿದರೂ ಆಗುತ್ತದೆ. ಧ್ವನಿವರ್ಧಕದ ಬುಡದಲ್ಲಿ ನಿಂತು ಹಿಡಿಯಬೇಡಿ. ಅಲ್ಲಿ ಮೈಕ್ ತಡೆಯಲಾರದೆ ಧ್ವನಿ ಒಡೆಯುತ್ತದೆ. ಹತ್ತಿಪ್ಪತ್ತು ಹೆಜ್ಜೆ ಹಿಂದೆ ಸರಿದರೆ ಸಾಕು.